ತಂತಿಯೊಳಗೆ ಯಾರು ಎಲ್ಲಿ ಕೂತಿದ್ದಾರೆ?

1/9
ಮೊದಲ ಸ್ಲೈಡ್ ಜೂಮ್ ಮಾಡಿ ನೋಡಿ. ಕಿರುಬೆರಳಿನ ದಪ್ಪದ ತಂತಿಯ ಕತ್ತರಿಸಿದ ತುದಿ ಅದು. ನಡುವೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಂ ಎಳೆ. ಏಳೂ ಎಳೆ ಒಂದೇ ದಪ್ಪ, 3.35 ಮಿ.ಮೀ. ಇದರ ಹೆಸರು ರ‍್ಯಾಬಿಟ್. ಹೌದು, ಮೊಲ. ಬ್ರಿಟಿಷರ ಪದ್ಧತಿಯಲ್ಲಿ ಉಕ್ಕಿನ ನಡುಎಳೆ ಇರೋ ತಂತಿಗೆಲ್ಲ ಪ್ರಾಣಿಗಳ ಹೆಸರು: ವೀಸೆಲ್, ರ‍್ಯಾಬಿಟ್, ಡಾಗ್, ಪ್ಯಾಂಥರ್, ಝೀಬ್ರಾ, ಮೂಸ್. ನಾವೂ ಅದನ್ನೇ ಉಳಿಸಿಕೊಂಡಿದ್ದೀವಿ. ಉಕ್ಕಿಲ್ಲದ ಬರೀ ಅಲ್ಯೂಮಿನಿಯಂ ತಂತಿಗೆ ಹುಳಗಳ ಹೆಸರು: ಆಂಟ್, ವಾಸ್ಪ್. ಅಮೆರಿಕದವರು ಇದೇ ಉಕ್ಕಿನ ತಂತಿಗೆ ಹಕ್ಕಿಗಳ ಹೆಸರಿಟ್ಟರು. ಯಾರು ಕೂತು ಇದನ್ನೆಲ್ಲ ಯೋಚನೆ ಮಾಡಿದ್ರೋ, ಅವರ ಜೊತೆ ಒಂದು ಕಾಫಿ ಕುಡೀಬೇಕು ಅನ್ಸುತ್ತೆ.

ನಿಮ್ಮೂರಿನ 11 ಕೆವಿ ಲೈನ್ ಕೆಳಗೆ ನಿಂತು ಮೇಲೆ ನೋಡಿದ್ರೆ ಒಂದು ಮೊಲ ನೇತಾಡ್ತಿರೋ ಸಾಧ್ಯತೆ ಚೆನ್ನಾಗಿಯೇ ಇದೆ.

ನಮ್ಮ ಸೋದರಮಾವ ಲೈನ್‌ಮ್ಯಾನ್. ನಾನು ಮೆಟಲರ್ಜಿ ತಗೊಂಡೆ ಅಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ತಂತಿ ಮಧ್ಯದಲ್ಲಿ ಸುಡೋದನ್ನ ನಾನು ನೋಡಿದ್ದು ಕಮ್ಮಿ ಕಣಮ್ಮ. ಸುಡೋದೆಲ್ಲ ಜಾಯಿಂಟ್‌ನಲ್ಲೇ. ಲೋಹ ಒಂದೇ ತಾನೆ, ಅಲ್ಲೇ ಯಾಕೆ?" ಆವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಸುಮಾರಾಗಿ ಇದೆ. ಅದನ್ನ ಹೇಳೋಕೆ ಒಂಬತ್ತು ಕ್ಯಾಪ್ಶನ್ ಬೇಕಾಯ್ತು, ಸಹಿಸ್ಕೊಳ್ಳಿ.

2/9
ಮೊದಲು, ಅಲ್ಯೂಮಿನಿಯಂ ಯಾಕೆ? ತಾಮ್ರದ ವಾಹಕತೆಯನ್ನು 100 ಅಂತ ಇಟ್ಟುಕೊಂಡ್ರೆ ತಂತಿಗೆ ಬಳಸೋ ಅಲ್ಯೂಮಿನಿಯಂದು ಸುಮಾರು 61. ಸೋತ ಹಾಗೆ ಕಾಣುತ್ತೆ. ಆದ್ರೆ ಸಾಂದ್ರತೆ ನೋಡಿ: ತಾಮ್ರ 8.9, ಅಲ್ಯೂಮಿನಿಯಂ 2.7. ಒಂದು ಕಿಲೋ ತಾಮ್ರ ಮಾಡೋ ಕೆಲಸವನ್ನ ಅರ್ಧ ಕಿಲೋ ಅಲ್ಯೂಮಿನಿಯಂ ಮಾಡುತ್ತೆ. ಕಂಬದ ಮೇಲೆ ನೇತುಹಾಕೋ ವಸ್ತುವಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಆ 61 ಅನ್ನೋ ನಂಬರ್ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಮಜಾ. ತುಂಬಾ ಶುದ್ಧ ಅಲ್ಯೂಮಿನಿಯಂ 65ರ ತನಕ ಹೋಗುತ್ತೆ. ಉಳಿದ ನಾಲ್ಕು ಪಾಯಿಂಟ್ ತಿನ್ನೋದರಲ್ಲಿ ದೊಡ್ಡ ಪಾಲು ಒಳಗಿರೋ ಬೇರೆ ಧಾತುಗಳದ್ದು. ಕಬ್ಬಿಣ, ಸಿಲಿಕಾನ್, ಟೈಟಾನಿಯಂ, ವೆನೇಡಿಯಂ, ಕ್ರೋಮಿಯಂ, ಮ್ಯಾಂಗನೀಸ್.

ಇಲ್ಲಿ ಒಂದು ಬಸ್ ಕಲ್ಪಿಸ್ಕೊಳ್ಳಿ. ಸಂಜೆ ಆರರ ಬಸ್. ಇಪ್ಪತ್ತು ಜನ ನಡುದಾರಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬ ನಿಂತಿದ್ರೆ ಕಂಡಕ್ಟರ್ ಟಿಕೆಟ್ ಕೊಡೋಕೆ ಪ್ರತಿ ಹೆಜ್ಜೆಗೂ ಡಿಕ್ಕಿ ಹೊಡೀಬೇಕು. ಅದೇ ಇಪ್ಪತ್ತು ಜನ ಹಿಂದಿನ ಸೀಟುಗಳ ಹತ್ರ ಗುಂಪಾಗಿ ನಿಂತ್ರೆ? ಮುಂದಿನ ಅಷ್ಟೂ ದಾರಿ ಖಾಲಿ. ಜನ ಅಷ್ಟೇ, ಬಸ್ ಅದೇ. ನಮ್ಮ ತಂತಿಯಲ್ಲಿ ಕಂಡಕ್ಟರ್ ಅಂದ್ರೆ ಎಲೆಕ್ಟ್ರಾನ್. (ಪದ ತಾನಾಗಿ ಬಂತು, ನಾನು ಎಳೆದು ತಂದಿದ್ದಲ್ಲ.)

ಚದುರಿ ನಿಂತ ಸ್ಥಿತಿ ಅಂದ್ರೆ ಪರಮಾಣು ಅಲ್ಯೂಮಿನಿಯಂ ಜಾಲದೊಳಗೆ ಕರಗಿ ಕೂತಿರೋದು. ಗುಂಪಾದ ಸ್ಥಿತಿ ಅಂದ್ರೆ ಅದು ಅಲ್ಯೂಮಿನಿಯಂ ಜೊತೆ ಸೇರಿ ಬೇರೆ ಕಣವಾಗಿ ಹೊರಗೆ ಬಂದಿರೋದು. ಎರಡನೇ ಸ್ಲೈಡ್‌ನಲ್ಲಿ ನಾನು ಕೈಬರಹದಲ್ಲಿ ಬರೆದ ಟೇಬಲ್ ಇದೆ. ಶುದ್ಧ ಅಲ್ಯೂಮಿನಿಯಂನ ರೋಧಕತೆ 2.65 ಮೈಕ್ರೋ-ಓಮ್ ಸೆಂಟಿಮೀಟರ್. ಶೇಕಡಾ 1 ಕಬ್ಬಿಣ ಪೂರ್ತಿ ಕರಗಿ ಕೂತರೆ ಅದಕ್ಕೆ 2.56 ಸೇರಿಸುತ್ತೆ. ಅದೇ ಕಬ್ಬಿಣ ಕಣವಾಗಿ ಹೊರಗಿದ್ರೆ ಬರೀ 0.058. ನಲವತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಲ್ಯಾಬ್‌ನವರು ಕೊಡೋ ಕೆಮಿಸ್ಟ್ರಿ ರಿಪೋರ್ಟ್‌ನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತೆ.

3/9
ಟೇಬಲ್‌ನಲ್ಲಿ ನಿಜವಾದ ವಿಲನ್ ವೆನೇಡಿಯಂ ಮತ್ತು ಕ್ರೋಮಿಯಂ. ಕರಗಿದ ವೆನೇಡಿಯಂ ಶೇ. 1ಕ್ಕೆ 3.58, ಕ್ರೋಮಿಯಂ 4.00. ಲೆಕ್ಕ ಹಾಕಿ: ಹತ್ತು ಸಾವಿರದಲ್ಲಿ ಒಂದು ಪಾಲು ವೆನೇಡಿಯಂ, ಅಂದ್ರೆ ಶೇ. 0.01, ಕರಗಿ ಕೂತ್ರೂ ರೋಧಕತೆ ಶೇ. 1.3ರಷ್ಟು ಏರುತ್ತೆ. ನೂರಾರು ಕಿಲೋಮೀಟರ್ ಲೈನ್‌ನಲ್ಲಿ ಆ ಶೇ. 1.3 ಹಗಲೂ ರಾತ್ರಿ ಬಿಸಿಯಾಗಿ ಗಾಳಿಗೆ ಹೋಗ್ತಾ ಇರುತ್ತೆ.

ಇದು ಬರೋದು ಎಲ್ಲಿಂದ? ಸ್ವಲ್ಪ ಬಾಕ್ಸೈಟ್‌ನಿಂದ (ನಮ್ಮ ಬೆಳಗಾವಿಯಲ್ಲಿ ಬಾಕ್ಸೈಟ್‌ನಿಂದ ಅಲ್ಯೂಮಿನಾ ಮಾಡ್ತಾರಲ್ಲ, ಆ ಹಂತ), ಸ್ವಲ್ಪ ಅಲ್ಯೂಮಿನಿಯಂ ತೆಗೆಯೋ ಸೆಲ್‌ನ ಆನೋಡ್‌ಗೆ ಬಳಸೋ ಪೆಟ್ರೋಲಿಯಂ ಕೋಕ್‌ನಿಂದ. ಅದನ್ನ ಪೂರ್ತಿ ತೆಗೆಯೋದು ದುಬಾರಿ. ಹಾಗಾಗಿ ತಂತಿ ಮಾಡೋರು ಒಂದು ಜಾಣತನ ಮಾಡ್ತಾರೆ: ಕರಗಿದ ಲೋಹಕ್ಕೆ ಸ್ವಲ್ಪ ಬೋರಾನ್ ಹಾಕ್ತಾರೆ. ಬೋರಾನ್ ಹೋಗಿ ಟೈಟಾನಿಯಂ, ವೆನೇಡಿಯಂಗಳನ್ನ ಹಿಡಿದು ಬೋರೈಡ್ ಕಣ ಮಾಡುತ್ತೆ. ಭಾರದ ಕಣ, ಬಹುಪಾಲು ಫರ್ನೇಸ್ ತಳಕ್ಕೆ ಇಳಿಯುತ್ತೆ. ಇಳಿಯದೆ ಒಳಗೇ ಉಳಿದ ಚೂರುಪಾರಿನಿಂದ ಎಲೆಕ್ಟ್ರಾನ್‌ಗೆ ಅಂಥ ತೊಂದರೆ ಇಲ್ಲ, ಯಾಕಂದ್ರೆ ಅದು ಈಗ ಗುಂಪಾಗಿದೆ. ಮನೆ ಗುಡಿಸಿ ಕಸ ಆಚೆ ಹಾಕೋಕೆ ಆಗದಿದ್ರೆ ಗಂಟು ಕಟ್ಟಿ ಮೂಲೆಗಿಡೋ ಹಾಗೆ. ಅಮ್ಮ ಒಪ್ಪಲ್ಲ, ಎಲೆಕ್ಟ್ರಾನ್ ಒಪ್ಪುತ್ತೆ.

ಈಗ ಟ್ವಿಸ್ಟ್. ಎರಕದ ಹರಳುಗಳು, ಅಂದ್ರೆ ಗ್ರೇನ್‌ಗಳು, ಸಣ್ಣಗೆ ಬರಲಿ ಅಂತ ಅದೇ ಜನ ಅದೇ ಲೋಹಕ್ಕೆ ಟೈಟಾನಿಯಂ-ಬೋರಾನ್ ಕಡ್ಡಿ ಸೇರಿಸ್ತಾರೆ! ಒಂದು ಕೈಯಲ್ಲಿ ಟೈಟಾನಿಯಂ ತೆಗೆದು ಇನ್ನೊಂದು ಕೈಯಲ್ಲಿ ಹಾಕೋದು. ಹಾಕದಿದ್ರೆ ಗ್ರೇನ್ ಒರಟಾಗಿ ಬಾರ್ ಬಿರುಕು ಬಿಡುತ್ತೆ. ಜಾಸ್ತಿ ಆದ್ರೆ ಹೆಚ್ಚುವರಿ ಟೈಟಾನಿಯಂ ಕರಗಿ ಕೂತು ವಾಹಕತೆ ಬೀಳುತ್ತೆ. ಅದಕ್ಕೇ ವೈರ್‌ಗೆ ಹೋಗೋ ಲೋಹದಲ್ಲಿ ಈ ಕಡ್ಡಿಯನ್ನ ಒಗ್ಗರಣೆಗೆ ಇಂಗು ಹಾಕೋ ಹಾಗೆ ಹಾಕ್ತಾರೆ.

4/9
ವಿಡಿಯೋ ಸ್ಲೈಡ್ ಇದು, ಸೌಂಡ್ ಆನ್ ಮಾಡ್ಕೊಳ್ಳಿ. ಟ್ರೈನಿಂಗ್‌ಗೆ ಹೋಗಿದ್ದ ರಾಡ್ ಪ್ಲಾಂಟ್. ಆ ದೊಡ್ಡ ಚಕ್ರ ಕಾಣ್ತಿದ್ಯಾ? ಅದರ ಅಂಚಿನ ತಾಮ್ರದ ಉಂಗುರದಲ್ಲಿ ಸುತ್ತಲೂ ಒಂದು ಗಾಡಿ ಇದೆ. ಗಾಡಿಯ ಬಾಯಿಯನ್ನ ಉಕ್ಕಿನ ಬೆಲ್ಟ್ ಮುಚ್ಚುತ್ತೆ. 700 ಡಿಗ್ರಿ ಆಸುಪಾಸಿನ ಲೋಹ ಮೇಲಿಂದ ಇಳಿಯುತ್ತೆ, ಚಕ್ರ ತಿರುಗುತ್ತೆ, ಹೊರಗಡೆಯಿಂದ ನೀರು ಹೊಡೀತಾ ಇರುತ್ತೆ, ಆ ಕಡೆಯಿಂದ ಗಟ್ಟಿ ಬಾರ್ ಹೊರಗೆ ಬರುತ್ತೆ. ನಿಲ್ಲಲ್ಲ. ಅದೇ ಬಿಸಿಯಲ್ಲಿ ರೋಲಿಂಗ್ ಸ್ಟ್ಯಾಂಡ್‌ಗಳಿಗೆ ನುಗ್ಗಿ 9.5 ಮಿ.ಮೀ. ರಾಡ್ ಆಗಿ ಸುರುಳಿ ಸುತ್ತಿಕೊಳ್ಳುತ್ತೆ.

ಇಟಲಿಯ ಇಲಾರಿಯೋ ಪ್ರೊಪೆರ್ಜಿ 1940ರ ದಶಕದ ಕೊನೆಗೆ ತಂದ ಪದ್ಧತಿ ಇದು. ಅದಕ್ಕೂ ಮುಂಚೆ ಒಂದೊಂದು ಗಟ್ಟಿಯನ್ನ ಬೇರೆ ಬೇರೆ ಎರಕ ಹೊಯ್ದು, ಮತ್ತೆ ಕಾಯಿಸಿ, ರೋಲ್ ಮಾಡಿ, ತುದಿಗೆ ತುದಿ ಬೆಸುಗೆ ಹಾಕಬೇಕಿತ್ತು. ಪ್ರತಿ ಬೆಸುಗೆಯೂ ಒಂದು ಅನುಮಾನದ ಜಾಗ.

ಚಕ್ರದಲ್ಲಿ ಲೋಹ ಗಟ್ಟಿಯಾಗೋ ಆ ಸ್ವಲ್ಪ ಹೊತ್ತಿನಲ್ಲೇ ಅರ್ಧ ಜಾತಕ ಬರೆದಾಗಿರುತ್ತೆ. ಸಕ್ಕರೆ ಪಾಕ ನೆನಪಿಸ್ಕೊಳ್ಳಿ. ನಿಧಾನವಾಗಿ ಆರೋಕೆ ಬಿಟ್ರೆ ಕಲ್ಲುಸಕ್ಕರೆಯ ದಪ್ಪ ಹರಳು. ಬೇಗ ಆರಿಸಿ ಕೈಯಾಡಿಸಿದ್ರೆ ನುಣ್ಣಗೆ. ಲೋಹವೂ ಹಾಗೇ: ಬೇಗ ತಣಿದ್ರೆ ಡೆಂಡ್ರೈಟ್ ಕೊಂಬೆಗಳ ನಡುವಿನ ಅಂತರ ಕಿರಿದಾಗುತ್ತೆ, ಕಬ್ಬಿಣದ ಕಣಗಳು ಸಣ್ಣದಾಗಿ ಹರಡುತ್ತವೆ. ನಿಧಾನಕ್ಕೆ ತಣಿದ್ರೆ ಅದೇ ಕಬ್ಬಿಣ ಉದ್ದ ಸೂಜಿ, ತಟ್ಟೆಗಳ ಥರ ಬೆಳೆಯುತ್ತೆ.

ಹಾಗಾದ್ರೆ ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದಾ? ಅಲ್ಲ. ತೀರಾ ಬೇಗ ತಣಿಸಿದ್ರೆ ಕಬ್ಬಿಣಕ್ಕೆ ಹೊರಬರೋಕೆ ಸಮಯವೇ ಸಿಗಲ್ಲ. ಸಮತೋಲನದಲ್ಲಿ ಗಟ್ಟಿ ಅಲ್ಯೂಮಿನಿಯಂ ಒಳಗೆ ಹೆಚ್ಚೆಂದ್ರೆ ಶೇ. 0.05 ಕಬ್ಬಿಣ ಕರಗಬಹುದು, ಅದೂ 655 ಡಿಗ್ರಿಯಲ್ಲಿ. ಅವಸರದಲ್ಲಿ ಅದಕ್ಕಿಂತ ಜಾಸ್ತಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಕಣ ಸಣ್ಣದಾಯ್ತು, ಬಲ ಬಂತು, ವಾಹಕತೆ ಬಿತ್ತು. ಆಮೇಲೆ ಬಿಸಿ ರೋಲಿಂಗ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ಕೆಲವರು ಹೊರಗೆ ಬರ್ತಾರೆ, ವಾಹಕತೆ ಸ್ವಲ್ಪ ವಾಪಸ್ ಸಿಗುತ್ತೆ. ನೀರಿನ ಒತ್ತಡ, ಚಕ್ರದ ವೇಗ, ಸುರಿಯೋ ಲೋಹದ ಬಿಸಿ, ಈ ಮೂರೂ ಗುಂಡಿಗಳ ಮೇಲೆ ಆಪರೇಟರ್ ಕೈ ಸದಾ ಇರೋದು ಇದಕ್ಕೇ.

5/9
ಇದು ಚಿಕ್ಕದು, ಆದ್ರೆ ನನಗೆ ಅತಿ ಇಷ್ಟದ ಫೋಟೋ. ಬಾರ್‌ನ ಅಡ್ಡಕೊಯ್ತವನ್ನ ಪಾಲಿಶ್ ಮಾಡಿ ಆಸಿಡ್‌ನಲ್ಲಿ ಎಚ್ ಮಾಡಿದ್ದು. ಚಕ್ರದ ಕಡೆಯಿಂದ ಗ್ರೇನ್‌ಗಳು ಪೈರಿನ ಥರ ಉದ್ದುದ್ದ ಎದ್ದು ಬಂದಿವೆ, ಬೆಲ್ಟ್ ಕಡೆಯಿಂದಲೂ ಬಂದಿವೆ. ಎರಡೂ ಸೇರೋ ಗೆರೆ ಕಾಣ್ತಿದೆಯಲ್ಲ, ಕೊನೆಗೆ ಗಟ್ಟಿಯಾಗೋ ಜಾಗ ಅದು. ಎಲ್ಲರೂ ತಳ್ಳಿದ ಕಸ ಅಲ್ಲೇ ಸೇರುತ್ತೆ. ಹೈಡ್ರೋಜನ್ನೂ ಅಲ್ಲೇ. ದ್ರವ ಅಲ್ಯೂಮಿನಿಯಂ ಗಟ್ಟಿಯಾಗೋ ಕ್ಷಣದಲ್ಲಿ ಹೈಡ್ರೋಜನ್ ಹಿಡಿದಿಡೋ ಶಕ್ತಿ ಸುಮಾರು ಇಪ್ಪತ್ತನೇ ಒಂದಕ್ಕೆ ಕುಸಿಯುತ್ತೆ, ಉಳಿದದ್ದು ಗುಳ್ಳೆ. ಗಾಳಿಯ ತೇವದಿಂದ, ಒದ್ದೆ ಸ್ಕ್ರ್ಯಾಪ್‌ನಿಂದ ಬರೋ ಹೈಡ್ರೋಜನ್ ಅದು. ಮಳೆಗಾಲದಲ್ಲಿ ಪ್ಲಾಂಟ್‌ನವರಿಗೆ ತಲೆನೋವು ಜಾಸ್ತಿ. ಅದಕ್ಕೇ ಎರಕಕ್ಕೆ ಮುಂಚೆ ಆರ್ಗಾನ್ ಗುಳ್ಳೆ ಬಿಟ್ಟು ಹೈಡ್ರೋಜನ್ ಹೊರಗೆಳೀತಾರೆ, ಸೆರಾಮಿಕ್ ಫಿಲ್ಟರ್‌ನಲ್ಲಿ ಸೋಸ್ತಾರೆ.

ಸೋಸದಿದ್ರೆ ಏನಾಗುತ್ತೆ ಅಂತ ಗೊತ್ತಾಗೋದು ಬಹಳ ದೂರದಲ್ಲಿ. 9.5 ಮಿ.ಮೀ. ರಾಡನ್ನ ಒಂದರ ಹಿಂದೆ ಒಂದು ಡೈನಲ್ಲಿ ಎಳೆದು 3 ಮಿ.ಮೀ. ಮಾಡಿದಾಗ ಉದ್ದ ಹತ್ತು ಪಟ್ಟು ಆಗಿರುತ್ತೆ. ನಡುಗೆರೆಯಲ್ಲಿದ್ದ ದೋಷವೂ ಜೊತೆಗೇ ಎಳೆಸಿಕೊಂಡು, ಒಂದು ಹಂತದಲ್ಲಿ ಫಟ್ ಅಂತ ತಂತಿ ತುಂಡು. ತುಂಡಾದ ತುದಿ ನೋಡಿದ್ರೆ ಒಂದು ಕಡೆ ಬಟ್ಟಲು, ಇನ್ನೊಂದು ಕಡೆ ಮೊನೆ. ಡ್ರಾಯಿಂಗ್ ಮಷೀನ್‌ನಲ್ಲೇ ತುಂಡಾದ್ರೆ ಪುಣ್ಯ. ಅಲ್ಲಿ ಬದುಕಿ ಕಂಬ ಹತ್ತಿದ ದೋಷದ ಬಗ್ಗೆ ಯೋಚಿಸಿ. ಗದ್ದೆಗೆ ಬಿದ್ದ ತಂತಿ ತುಳಿದು ದನ, ಜನ ಸತ್ತ ಸುದ್ದಿ ನಾವೆಲ್ಲ ಓದಿದ್ದೀವಿ. ಅಲ್ಲೆಲ್ಲ ಕಾರಣ ಎರಕವೇ ಅಂತ ನಾನು ಹೇಳ್ತಿಲ್ಲ. ಮರದ ಕೊಂಬೆ, ಹಳೇ ತಂತಿ, ತುಕ್ಕು, ಸಡಿಲ ಜಾಯಿಂಟ್, ನೂರು ಕಾರಣ ಇರುತ್ತೆ. ಆದ್ರೆ ಆ ನೂರರಲ್ಲಿ ಒಂದನ್ನ ಚಕ್ರದ ಹತ್ರವೇ ತಡೀಬಹುದು.

6/9
ಇಷ್ಟು ಹೊತ್ತು "ಕರಗಿ ಕೂರಬೇಡ, ಹೊರಗೆ ಬಾ" ಅಂತಿದ್ವಿ. ಈಗ ಉಲ್ಟಾ. 6201 ಅನ್ನೋ ಮಿಶ್ರಲೋಹ ಇದೆ. ಇದರಲ್ಲಿ ಮೆಗ್ನೀಸಿಯಂ ಶೇ. 0.6ರಿಂದ 0.9, ಸಿಲಿಕಾನ್ 0.5ರಿಂದ 0.9. ಇದರ ತಂತಿಗೆ ನಡುವೆ ಉಕ್ಕೇ ಬೇಡ, ತಾನೇ ಗಟ್ಟಿ. ಸಾಮಾನ್ಯ ತಂತಿಯ ಬಲ 160ರಿಂದ 200 ಮೆಗಾಪಾಸ್ಕಲ್ ಇದ್ರೆ ಇದು 300 ದಾಟುತ್ತೆ. ಬೆಲೆ ಏನು ಅಂದ್ರೆ ವಾಹಕತೆ 52.5.

ಇಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಎರಡೂ ಮೊದಲು ಕರಗಿ ಕೂತೇ ಇರಬೇಕು. ಬಾರ್ ರೋಲಿಂಗ್‌ಗೆ ಹೋಗೋವಾಗ 500 ಡಿಗ್ರಿ ದಾಟಿ ಬಿಸಿ ಇರಬೇಕು, ಹೊರಬಂದ ತಕ್ಷಣ ನೀರಲ್ಲಿ ಅದ್ದಬೇಕು. ಚಕ್ರದಲ್ಲಿ ನೀರು ಜಾಸ್ತಿಯಾಗಿ ಬಾರ್ ತಣ್ಣಗಾಗಿ ಬಂತು ಅನ್ಕೊಳ್ಳಿ, ಮೆಗ್ನೀಸಿಯಂ-ಸಿಲಿಸೈಡ್ ದಾರಿಯಲ್ಲೇ ದಪ್ಪ ಕಣವಾಗಿ ಇಳಿದುಬಿಡುತ್ತೆ. ಆಮೇಲೆ ತಂತಿ ಎಳೆದು, 160 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿದ್ರೂ ಬಲ ಬರಲ್ಲ. ಬಲ ಕೊಡೋದು ಆ ಬೇಯಿಸೋ ಹಂತದಲ್ಲಿ ಹುಟ್ಟೋ ಅತಿ ಸೂಕ್ಷ್ಮ ಕಣಗಳು. ಹಿಟ್ಟು ಮೊದಲೇ ಹುಳಿ ಬಂದು ಇಳಿದುಹೋಗಿದ್ರೆ ಬೆಳಿಗ್ಗೆ ಇಡ್ಲಿ ಉಬ್ಬಲ್ಲ, ಅದೇ ಕಥೆ. ಸರಿಯಾಗಿ ಆದ್ರೆ ಒಂದು ಅಪರೂಪದ ಬೋನಸ್ ಇದೆ: ಬೇಯಿಸಿದಾಗ ಕರಗಿದ್ದವರು ಹೊರಗೆ ಬರೋದ್ರಿಂದ ವಾಹಕತೆಯೂ ಏರುತ್ತೆ. ಕ್ಲಾಸ್‌ನಲ್ಲಿ "ಬಲ ಬೇಕಾದ್ರೆ ವಾಹಕತೆ ಬಿಡು" ಅಂತ ಕಲಿಸಿದ್ದು ಈ ಒಂದು ಹಂತದಲ್ಲಿ ಕೆಲಸ ಮಾಡಲ್ಲ.

ಒಂದೇ ಚಕ್ರ, ಒಂದೇ ರೋಲಿಂಗ್ ಮಿಲ್. ಬೆಳಿಗ್ಗೆ ಒಂದು ಲೋಹಕ್ಕೆ ಒಂದು ಬುದ್ಧಿ, ಸಂಜೆ ಇನ್ನೊಂದಕ್ಕೆ ಅದರ ವಿರುದ್ಧ ಬುದ್ಧಿ.

(ಜಿರ್ಕೋನಿಯಂ ಸೇರಿಸಿದ ತಂತಿ ಬಗ್ಗೆ ಮೂರು ಜನ ಡಿಎಂ ಮಾಡಿದ್ರಿ. ಚುಟುಕಾಗಿ: ಅದು ಸತತ 150 ಡಿಗ್ರಿ ಬಿಸಿಯಲ್ಲೂ ಮೆತ್ತಗಾಗಲ್ಲ, ಹಾಗಾಗಿ ಹಳೇ ಟವರ್ ಮೇಲೇ ಹೆಚ್ಚು ಕರೆಂಟ್ ಕಳಿಸಬಹುದು. ಎರಕದಲ್ಲಿ ಮಾತ್ರ ರಗಳೆ. ಹೆಚ್ಚು ಬಿಸಿಯಲ್ಲಿ ಸುರಿಯಬೇಕು, ಮತ್ತೆ ಜಿರ್ಕೋನಿಯಂಗೂ ಆ ಟೈಟಾನಿಯಂ-ಬೋರಾನ್ ಕಡ್ಡಿಗೂ ಎಣ್ಣೆ ಸೀಗೇಕಾಯಿ. ಬೇರೆ ಸರಣಿ ಮಾಡ್ತೀನಿ.)

7/9
ಈಗ ಮಾವನ ಪ್ರಶ್ನೆ. ಇದಕ್ಕೆ ಅಮೆರಿಕಕ್ಕೆ ಹೋಗಬೇಕು, ಯಾಕಂದ್ರೆ ಅಲ್ಯೂಮಿನಿಯಂ ಜಾಯಿಂಟ್‌ಗಳ ಬಗ್ಗೆ ದೊಡ್ಡ ಪಾಠ ಅಲ್ಲಿ ಮನೆಗಳ ಒಳಗೇ ನಡೀತು.

1960ರ ದಶಕದ ನಡುವಿಗೆ ತಾಮ್ರದ ಬೆಲೆ ಏರಿತು. 1965ರಿಂದ 1973ರ ಹೊತ್ತಿಗೆ ಸುಮಾರು 20 ಲಕ್ಷ ಮನೆಗಳ ಗೋಡೆಯೊಳಗೆ ಅಲ್ಯೂಮಿನಿಯಂ ವೈರ್ ಹಾಕಿದ್ರು. ಅದು ಹೆಚ್ಚುಕಮ್ಮಿ ಕಂಬದ ಮೇಲಿನ ಅದೇ ಶೇ. 99.5 ಶುದ್ಧತೆಯ ಲೋಹ. ವಾಹಕತೆ ಚೆನ್ನಾಗಿದೆ, ಪರೀಕ್ಷೆಯಲ್ಲಿ ಪಾಸು. ತೊಂದರೆ ಶುರುವಾಗಿದ್ದು ಸ್ವಿಚ್, ಸಾಕೆಟ್‌ಗಳ ಸ್ಕ್ರೂ ಕೆಳಗೆ. 1974ರ ಏಪ್ರಿಲ್ 28ರಂದು ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್‌ನಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ಇಬ್ಬರು ಸತ್ತರು. ಒಂದು ಸಾಕೆಟ್‌ನಲ್ಲಿದ್ದ ಅಲ್ಯೂಮಿನಿಯಂ ಜೋಡಣೆಯೇ ಕಾರಣ ಅಂತ ಅಗ್ನಿಶಾಮಕ ಅಧಿಕಾರಿಗಳು ತೀರ್ಮಾನಿಸಿದ್ರು. ಆಮೇಲೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗಕ್ಕಾಗಿ ನಡೆದ ಸಮೀಕ್ಷೆ ಹೇಳಿದ್ದು: 1972ಕ್ಕಿಂತ ಮುಂಚೆ ತಯಾರಾದ ಅಲ್ಯೂಮಿನಿಯಂ ವೈರ್ ಇರೋ ಮನೆಯಲ್ಲಿ ಒಂದಾದರೂ ಜೋಡಣೆ ಬೆಂಕಿ ಅಪಾಯದ ಸ್ಥಿತಿ ಮುಟ್ಟೋ ಸಾಧ್ಯತೆ ತಾಮ್ರದ ಮನೆಗಿಂತ 55 ಪಟ್ಟು. ಈ ನಂಬರನ್ನ ರೀಲ್ಸ್‌ನಲ್ಲಿ "55 ಪಟ್ಟು ಹೆಚ್ಚು ಬೆಂಕಿ" ಅಂತ ಓಡಿಸ್ತಾರೆ. ಹಾಗಲ್ಲ. ಜೋಡಣೆ ಅಪಾಯದ ಸ್ಥಿತಿಗೆ ಹೋಗೋದು ಬೇರೆ, ಮನೆ ಹೊತ್ತಿ ಉರಿಯೋದು ಬೇರೆ. ಆದ್ರೂ 55 ಅಂದ್ರೆ 55.

8/9
ಸ್ಕ್ರೂ ಕೆಳಗೆ ಏನಾಗ್ತಿತ್ತು? ಅಲ್ಯೂಮಿನಿಯಂ ಮೇಲೆ ಸದಾ ಒಂದು ತೆಳು ಆಕ್ಸೈಡ್ ಪದರ ಇರುತ್ತೆ, ಅದು ಕರೆಂಟ್ ಬಿಡಲ್ಲ. ಕರೆಂಟ್ ಹರಿದಾಗ ವೈರ್ ಬಿಸಿಯಾಗಿ ಹಿಗ್ಗುತ್ತೆ. ಅಲ್ಯೂಮಿನಿಯಂ ಹಿಗ್ಗೋದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು, ಉಕ್ಕಿನ ಸ್ಕ್ರೂ 12 ಪಾಲು. ಹಿಗ್ಗೋಕೆ ಜಾಗ ಇಲ್ಲದೆ ಮೆತ್ತಗಿನ ವೈರ್ ಒತ್ತಿಸಿಕೊಂಡು ಚಪ್ಪಟೆಯಾಗುತ್ತೆ. ತಣ್ಣಗಾದಾಗ ಕುಗ್ಗುತ್ತೆ, ಹಿಡಿತ ಸಡಿಲ. ಇದರ ಜೊತೆಗೆ ಕ್ರೀಪ್: ಸತತ ಒತ್ತಡದ ಕೆಳಗೆ ಶುದ್ಧ ಅಲ್ಯೂಮಿನಿಯಂ ಮಾಮೂಲಿ ಬಿಸಿಯಲ್ಲೂ ನಿಧಾನಕ್ಕೆ ಜಾರಿಕೊಳ್ಳುತ್ತೆ. ಸಡಿಲವಾದ್ರೆ ರೋಧಕತೆ ಜಾಸ್ತಿ, ಅದರಿಂದ ಬಿಸಿ ಜಾಸ್ತಿ, ಅದರಿಂದ ಇನ್ನಷ್ಟು ಸಡಿಲ. ತಂತಿಯ ನಡುವೆ ಈ ಚಕ್ರ ಶುರುವಾಗೋಕೆ ಜಾಗವೇ ಇಲ್ಲ. ಮಾವ, ನಿಮ್ಮ ಪಿಜಿ ಕ್ಲ್ಯಾಂಪ್ ಒಳಗೂ, ಟಿ.ಸಿ. ಹತ್ರದ ಜಂಪ್‌ನಲ್ಲೂ ನಡೆಯೋದು ಇದೇ. ಅಲ್ಲಿ ತಾಮ್ರ-ಅಲ್ಯೂಮಿನಿಯಂ ನೇರ ಕೂಡಿದ್ರೆ ಮಳೆನೀರಿನಿಂದ ತಿನ್ನಿಸಿಕೊಳ್ಳೋದು ಬೇರೆ.

ಅಮೆರಿಕದವರು ಏನು ಮಾಡಿದ್ರು ಅನ್ನೋದು ನನಗೆ ಈ ಇಡೀ ವಿಷಯದಲ್ಲೇ ಅತಿ ಸುಂದರ ಭಾಗ. ಲೋಹವನ್ನ ಇನ್ನೂ ಶುದ್ಧ ಮಾಡಲಿಲ್ಲ. ಕಬ್ಬಿಣ ಜಾಸ್ತಿ ಹಾಕಿದ್ರು. ಮೊದಲಿನ ಲೋಹದಲ್ಲಿ ಕಬ್ಬಿಣ ಶೇ. 0.4 ದಾಟಬಾರದು ಅಂತಿತ್ತು. 1970ರ ದಶಕದಲ್ಲಿ ಬಂದ 8000 ಸರಣಿಯ 8176ರಲ್ಲಿ ಅದು 0.4ರಿಂದ 1ರವರೆಗೆ. ಎರಡನೇ ಕ್ಯಾಪ್ಶನ್‌ನ ಟೇಬಲ್ ನೆನಪಿದ್ರೆ ಇದು ಹುಚ್ಚುತನ ಅನ್ಸಬೇಕು. ಆದ್ರೆ ಕಬ್ಬಿಣ ಅಲ್ಯೂಮಿನಿಯಂ ಒಳಗೆ ಕರಗೋದೇ ಕಮ್ಮಿ. ಬಹುಪಾಲು ಕಣವಾಗಿ ಹೊರಗೆ ನಿಲ್ಲುತ್ತೆ, ಎಲೆಕ್ಟ್ರಾನ್‌ಗೆ ಅಡ್ಡಿ ಕಮ್ಮಿ, ವಾಹಕತೆ 60ರ ಆಸುಪಾಸಲ್ಲೇ ಉಳಿಯುತ್ತೆ. ಬೇಗ ತಣಿಸಿದ ಎರಕದಲ್ಲಿ ಆ ಕಣಗಳು ಸಣ್ಣಗೆ ಹುಟ್ಟುತ್ತವೆ, ರೋಲಿಂಗ್, ಡ್ರಾಯಿಂಗ್‌ನಲ್ಲಿ ಇನ್ನೂ ಪುಡಿಯಾಗಿ ಎಲ್ಲ ಕಡೆ ಹರಡುತ್ತವೆ, ಆಮೇಲೆ ಗ್ರೇನ್‌ನ ಒಳಗಡಿಗಳಿಗೆ ಮೊಳೆ ಹೊಡೆದ ಹಾಗೆ ಕೂತು ಜಾರೋದನ್ನ ತಡೀತವೆ. ಅದೇ ಶೇ. 0.7 ಕಬ್ಬಿಣವನ್ನ ನಿಧಾನ ಎರಕದಲ್ಲಿ ದಪ್ಪ ಸೂಜಿ ಮಾಡಿಬಿಟ್ರೆ? ಡೈನಲ್ಲಿ ತಂತಿ ತುಂಡಾಗುತ್ತೆ, ಅಷ್ಟೇ ಲಾಭ. ಮಿಶ್ರಲೋಹದ ಐಡಿಯಾ ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ರೂ ಚಕ್ರ ಸಹಿ ಹಾಕಬೇಕು.

ಬರೀ ಲೋಹ ಬದಲಾಯಿಸಿ ಗೆದ್ದರು ಅಂತ ಹೇಳಿದ್ರೆ ತಪ್ಪಾಗುತ್ತೆ. ಸ್ವಿಚ್, ಸಾಕೆಟ್‌ಗಳ ಸ್ಕ್ರೂ ವಿನ್ಯಾಸವನ್ನೂ ಬದಲಾಯಿಸಿದ್ರು. ಆಗಲೇ ಗೋಡೆಯೊಳಗೆ ಹೋಗಿದ್ದ ಹಳೇ ವೈರ್ ಮಾತ್ರ ಅಲ್ಲೇ ಉಳೀತು.

ನಮ್ಮಲ್ಲೂ ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ವೈರಿಂಗ್ ಇದೆ. ನಿಮ್ಮ ಅಜ್ಜಿ ಮನೆಯ ಸ್ವಿಚ್‌ಬೋರ್ಡ್ ಮುಟ್ಟಿದ್ರೆ ಬಿಸಿ ಅನ್ಸಿದ್ರೆ, ಪ್ಲಗ್ ಹತ್ರ ಕಂದು ಕಲೆ ಇದ್ರೆ, ಅಥವಾ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ್ರೆ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೀರಿ. ನೀವೇ ಸ್ಕ್ರೂ ತಿರುಗಿಸೋಕೆ ಹೋಗಬೇಡಿ. ಹಳೇ ವೈರಿಗೆ ತಾಮ್ರದ ತುಂಡು ತಿರುಚಿ ಟೇಪ್ ಸುತ್ತೋ "ರಿಪೇರಿ"ಗೂ ಒಪ್ಪಬೇಡಿ.

9/9
ಹಿಂದಿನ ಪೋಸ್ಟ್ ಕೆಳಗೆ ಜೂನಿಯರ್ ಒಬ್ಬಳು ಕೇಳಿದ್ಲು: "ಅಕ್ಕ, ಹಳೇ ಪಾತ್ರೆ, ಕ್ಯಾನ್ ಎಲ್ಲ ಕರಗಿಸಿ ವೈರ್ ಮಾಡಬಹುದಾ? ಪರಿಸರಕ್ಕೆ ಒಳ್ಳೇದಲ್ವಾ?" ಒಳ್ಳೇ ಪ್ರಶ್ನೆ. ಸ್ಕ್ರ್ಯಾಪ್ ಕರಗಿಸೋಕೆ ಹೊಸ ಅಲ್ಯೂಮಿನಿಯಂ ತೆಗೆಯೋದರ ಶೇ. 5ರಷ್ಟು ಶಕ್ತಿ ಸಾಕು, ಆಸೆ ಆಗೋದು ಸಹಜ.

ಆದ್ರೆ ಕ್ಯಾನ್‌ನ ಮೈಯಲ್ಲಿ, ಶೀಟ್‌ನಿಂದ ಮಾಡೋ ಎಷ್ಟೋ ಪಾತ್ರೆಗಳಲ್ಲಿ ಶೇ. 1ರ ಆಸುಪಾಸಿನಲ್ಲಿ ಮ್ಯಾಂಗನೀಸ್ ಇರುತ್ತೆ. ಅದಿಲ್ಲದಿದ್ರೆ ಅವಕ್ಕೆ ಬಿಗಿ ಇರಲ್ಲ. ಟೇಬಲ್ ನೋಡಿ: ಕರಗಿದ ಮ್ಯಾಂಗನೀಸ್ ಶೇ. 1ಕ್ಕೆ 2.94. ಪೂರ್ತಿ ಕರಗಿ ಕೂತ್ರೆ ರೋಧಕತೆ 2.65ರಿಂದ 5.6ಕ್ಕೆ, ಎರಡು ಪಟ್ಟಿಗೂ ಜಾಸ್ತಿ. ಕಣವಾಗಿ ಹೊರಗೆ ತಂದ್ರೂ 0.34, ಕಬ್ಬಿಣದ ಆರು ಪಟ್ಟು. ಬೋರಾನ್‌ಗೆ ಮ್ಯಾಂಗನೀಸ್ ಮೇಲೆ ವೆನೇಡಿಯಂ ಮೇಲಿರೋ ಹಿಡಿತ ಇಲ್ಲ. ಹಾಗಾಗಿ ಪಾತ್ರೆ ಪಾತ್ರೆಯಾಗೇ, ಕ್ಯಾನ್ ಕ್ಯಾನ್ ಆಗೇ ಮರುಹುಟ್ಟು ಪಡೆಯೋದು ವಾಸಿ.

ಹೊಸ ವೈರಿಗೆ ಅತಿ ಒಳ್ಳೇ ಸ್ಕ್ರ್ಯಾಪ್ ಯಾವುದು ಗೊತ್ತಾ? ಹಳೇ ಲೈನ್ ತಂತಿಯೇ. ಮೊದಲ ಸ್ಲೈಡ್‌ನ ಆ ಮೊಲದಿಂದ ನಡುವಿನ ಉಕ್ಕಿನ ಎಳೆ ಬಿಡಿಸಿ, ಗ್ರೀಸ್, ಮಣ್ಣು ತೊಳೆದು ಚೆನ್ನಾಗಿ ಒಣಗಿಸಿದ್ರೆ ಉಳಿದ ಆರು ಎಳೆ ನೇರ ಫರ್ನೇಸ್‌ಗೆ ಹಾಕಬಹುದು. 6201 ತಂತಿಯನ್ನ ಮಾತ್ರ ಅದರ ಜೊತೆ ಬೆರೆಸಬಾರದು. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತೆ, ಅದಕ್ಕೇ ಗುಜರಿಯಿಂದ ಬಂದ ಲೋಡನ್ನ ಪ್ಲಾಂಟ್‌ನವರು ಸ್ಪೆಕ್ಟ್ರೋಮೀಟರ್‌ಗೆ ಕೊಡದೆ ಒಳಗೆ ಬಿಡಲ್ಲ.